ಪಾಠ ಹೇಳುವವರೇ ಪ್ರಶ್ನೆಪತ್ರಿಕೆ ಬರೆಯುವಲ್ಲಿ: ಟ್ಯೂಬಿಂಗನ್ ವಿಶ್ವವಿದ್ಯಾಲಯ ನಡೆಯುವ ಬಗೆ

ಕರ್ನಾಟಕದಲ್ಲಿ ಪದವಿ ಓದಿದ ಬಹುತೇಕರ ಪಾಲಿಗೆ ವಿಶ್ವವಿದ್ಯಾಲಯವೆಂದರೆ ಪರೀಕ್ಷೆ ನಡೆಸುವ, ಫಲಿತಾಂಶ ಪ್ರಕಟಿಸುವ, ಅಂಕಪಟ್ಟಿಗೆ ಮೊಹರು ಒತ್ತುವ ದೂರದ ಕಚೇರಿ. ಪಾಠ ನಡೆಯುವುದು ಕಾಲೇಜಿನಲ್ಲಿ. ಪಠ್ಯಕ್ರಮ ನಿರ್ಧಾರವಾಗುವುದು ಅಧ್ಯಯನ ಮಂಡಳಿಯಲ್ಲಿ, ಪ್ರಶ್ನೆಪತ್ರಿಕೆ ಬರುವುದು ಮೊಹರು ಮಾಡಿದ ಲಕೋಟೆಯಲ್ಲಿ, ಉತ್ತರಪತ್ರಿಕೆ ತಿದ್ದಿದವರು ಯಾರೆಂಬುದು ವಿದ್ಯಾರ್ಥಿಗೆ ಕೊನೆಯವರೆಗೂ ತಿಳಿಯುವುದಿಲ್ಲ. 1857ರಲ್ಲಿ ಲಂಡನ್ ವಿಶ್ವವಿದ್ಯಾಲಯವನ್ನು ಮಾದರಿಯಾಗಿಟ್ಟುಕೊಂಡು ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಆರಂಭವಾದ ಈ ಏರ್ಪಾಡು ಇಂದಿಗೂ ಗಟ್ಟಿಯಾಗಿದೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳನ್ನು ತನ್ನ ಮಾನ್ಯತೆಯ ಸೂತ್ರದಲ್ಲಿ ಹಿಡಿದಿಟ್ಟಿರುವುದು ಇದೇ ತರ್ಕದ ಮುಂದುವರಿಕೆ.

ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಇಂಥ ಮಾನ್ಯತೆ ಪಡೆದ ಕಾಲೇಜುಗಳ ಪದರವೇ ಇಲ್ಲ. ಒಂದು ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವವರೇ ಆ ವಿಷಯದ ಪಾಠವನ್ನು ರೂಪಿಸುತ್ತಾರೆ, ಅವರೇ ಪಾಠ ಹೇಳುತ್ತಾರೆ, ಅವರೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ, ಉತ್ತರಪತ್ರಿಕೆಯನ್ನು ಅವರೋ ಅವರ ಸಹಾಯಕರೋ ತಿದ್ದುತ್ತಾರೆ. ಅಲ್ಲಿಗೆ ಹೋದ ನಮ್ಮ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸುವ ಬಹಳಷ್ಟು ಸಂಗತಿಗಳು, ಅಂದರೆ ಹಾಜರಿ ಇಲ್ಲದ ತರಗತಿ, ಸಿದ್ಧ ಪಠ್ಯಪುಸ್ತಕವಿಲ್ಲದ ಪಾಠ, ಯುವ ಸಂಶೋಧಕರ ಅಭದ್ರತೆ, ಒಬ್ಬರು ನಿವೃತ್ತರಾದರೆ ಒಂದು ವಿಷಯವೇ ಅಳಿಸಿಹೋಗಬಹುದಾದ ಸಾಧ್ಯತೆ, ಇವೆಲ್ಲ ಈ ಒಂದೇ ಏರ್ಪಾಡಿನಿಂದ ಹೊರಡುತ್ತವೆ. ಇದನ್ನು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಉದಾಹರಣೆಯಿಂದ ನೋಡುವುದು ಅನುಕೂಲ, ಏಕೆಂದರೆ ಅದು ಹಳೆಯದು, ಊರಿಗೆ ಹೋಲಿಸಿದರೆ ದೊಡ್ಡದು, ಮತ್ತು ಕನ್ನಡದ ಚರಿತ್ರೆಯೊಂದಿಗೆ ನಿಜವಾದ ನಂಟುಳ್ಳದ್ದು.

ದಕ್ಷಿಣ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ನೆಕ್ಕಾರ್ ನದಿಯ ದಂಡೆಯ ಮೇಲೆ ಟ್ಯೂಬಿಂಗನ್ ಇದೆ. ಊರಿನ ಜನಸಂಖ್ಯೆ ಸುಮಾರು 90,000. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 28,000. 1477ರಲ್ಲಿ ಎಬರ್‌ಹಾರ್ಡ್ ಎಂಬ ಸ್ಥಳೀಯ ದೊರೆ ಇದನ್ನು ಸ್ಥಾಪಿಸಿದ. ಹದಿನೆಂಟನೆಯ ಶತಮಾನದಲ್ಲಿ ಕಾರ್ಲ್ ಓಯ್ಗೆನ್ ಎಂಬ ಇನ್ನೊಬ್ಬ ದೊರೆ ತನ್ನ ಹೆಸರನ್ನೂ ಸೇರಿಸಿದ್ದರಿಂದ ಇಂದಿನ ಅಧಿಕೃತ ಹೆಸರು ಎಬರ್‌ಹಾರ್ಡ್ ಕಾರ್ಲ್ಸ್ ವಿಶ್ವವಿದ್ಯಾಲಯ. ಎಬರ್‌ಹಾರ್ಡ್ ತನ್ನ ನಾಡಿನಿಂದ ಯಹೂದಿಗಳನ್ನು ದೂರವಿಟ್ಟ ದೊರೆಯೂ ಹೌದಾದ್ದರಿಂದ ಈ ಹೆಸರನ್ನು ಉಳಿಸಿಕೊಳ್ಳಬೇಕೇ ಎಂಬ ಚರ್ಚೆ ಇತ್ತೀಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯದೊಳಗೇ ಗಂಭೀರವಾಗಿ ನಡೆಯಿತು, ಹೆಸರು ಹಾಗೆಯೇ ಉಳಿಯಿತು.

ಇಲ್ಲಿ ಕಾಂಪೌಂಡು ಗೋಡೆಯಾಗಲಿ ಮುಖ್ಯದ್ವಾರವಾಗಲಿ ಇಲ್ಲ. ವಿಲ್ಹೆಲ್ಮ್ ರಸ್ತೆಯ ಉದ್ದಕ್ಕೆ ಆಡಳಿತ ಭವನ, ಗ್ರಂಥಾಲಯ, ಭಾಷಾ ವಿಭಾಗಗಳು, ಕುಪ್ಫರ್‌ಬಾವ್ ಎಂಬ ಉಪನ್ಯಾಸ ಸಭಾಂಗಣಗಳ ಕಟ್ಟಡ, ಇವು ಅಂಗಡಿ ಮನೆಗಳ ನಡುವೆಯೇ ಹರಡಿಕೊಂಡಿವೆ. ವಿಜ್ಞಾನ ವಿಭಾಗಗಳಲ್ಲಿ ಹಲವು ಮೋರ್ಗನ್‌ಸ್ಟೆಲ್ಲೆ ಎಂಬ ಗುಡ್ಡದ ಮೇಲಿವೆ, ಆಸ್ಪತ್ರೆಗಳು ಇನ್ನೊಂದು ಗುಡ್ಡದ ಮೇಲೆ, ಪುರಾತತ್ತ್ವ ವಿಭಾಗ ಹಳೆಯ ಕೋಟೆಯೊಳಗೆ. ಏಳು ಫ್ಯಾಕಲ್ಟಿಗಳ, ಅಂದರೆ ಹಲವು ವಿಭಾಗಗಳನ್ನೊಳಗೊಂಡ ನಿಕಾಯಗಳ ಪೈಕಿ ಎರಡು ದೇವತಾಶಾಸ್ತ್ರಕ್ಕೆ ಮೀಸಲು, ಒಂದು ಪ್ರಾಟೆಸ್ಟೆಂಟ್, ಒಂದು ಕ್ಯಾಥೊಲಿಕ್. ಇವುಗಳ ಪಕ್ಕದಲ್ಲಿ ಇಸ್ಲಾಮಿಕ್ ದೇವತಾಶಾಸ್ತ್ರದ ಒಂದು ಕೇಂದ್ರವೂ ಇದೆ. ಕೆಪ್ಲರ್, ಹೆಗೆಲ್, ಶೆಲ್ಲಿಂಗ್, ಕವಿ ಹೊಲ್ಡರ್ಲಿನ್ ಎಲ್ಲರೂ ಇಲ್ಲಿನ ‘ಸ್ಟಿಫ್ಟ್’ ಎಂಬ ಪ್ರಾಟೆಸ್ಟೆಂಟ್ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರು. 1536ರಲ್ಲಿ ಆರಂಭವಾದ ಆ ಸಂಸ್ಥೆ ಈಗಲೂ ನಡೆಯುತ್ತಿದೆ.

ಪಾಠ ಹೇಳುವವರಿಗೆ ಇಷ್ಟು ಅಧಿಕಾರ ಹೇಗೆ ಬಂತು ಎಂಬುದಕ್ಕೆ ಎರಡು ಮೂಲಗಳನ್ನು ಹೇಳಬಹುದು. ಮೊದಲನೆಯದು ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಅವರ ವಿಚಾರ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಆರಂಭವಾಗುವ ಹೊತ್ತಿಗೆ ಅವರು ಮುಂದಿಟ್ಟ ನಿಲುವಿನ ಸಾರವೆಂದರೆ, ವಿಶ್ವವಿದ್ಯಾಲಯದಲ್ಲಿ ಜ್ಞಾನವನ್ನು ಮುಗಿದುಹೋದ ಸರಕಿನಂತೆ ಹಂಚಬಾರದು. ಅಧ್ಯಾಪಕರೂ ವಿದ್ಯಾರ್ಥಿಗಳೂ ಇನ್ನೂ ಉತ್ತರ ಸಿಗದ ಪ್ರಶ್ನೆಯ ಮುಂದೆ ಜತೆಗೆ ನಿಲ್ಲಬೇಕು. ಸಂಶೋಧನೆ ಮತ್ತು ಬೋಧನೆ ಬೇರೆಯಾಗಬಾರದು ಎಂಬ ಈ ಮಾತನ್ನು ಜರ್ಮನ್ ಕುಲಪತಿಗಳು ಪ್ರತಿ ಸಮಾರಂಭದಲ್ಲೂ ಉಲ್ಲೇಖಿಸುತ್ತಾರೆ, ಕೆಲವೊಮ್ಮೆ ಅದನ್ನು ಪಾಲಿಸದಿರುವ ದಿನಗಳಲ್ಲೂ. ಎರಡನೆಯ ಮೂಲ ಹೆಚ್ಚು ಗಟ್ಟಿಯಾದದ್ದು. ನಾತ್ಸಿ ಆಡಳಿತವು ವಿಶ್ವವಿದ್ಯಾಲಯಗಳನ್ನು ಹೇಗೆ ಬಗ್ಗಿಸಿತು, ಅವು ಎಷ್ಟು ಸುಲಭವಾಗಿ ಬಗ್ಗಿದವು ಎಂಬುದನ್ನು ಕಂಡ ಮೇಲೆ 1949ರಲ್ಲಿ ಬರೆದ ಸಂವಿಧಾನವು ತನ್ನ ಐದನೆಯ ವಿಧಿಯ ಮೂರನೆಯ ಖಂಡದಲ್ಲಿ, ವಿಜ್ಞಾನ, ಸಂಶೋಧನೆ ಮತ್ತು ಬೋಧನೆಗಳು ಸ್ವತಂತ್ರ ಎಂದು ಮೂಲಭೂತ ಹಕ್ಕುಗಳ ಸಾಲಿನಲ್ಲೇ ಸಾರಿತು. ಹೀಗಾಗಿ ಪ್ರಾಧ್ಯಾಪಕರು ತಮ್ಮ ಪಾಠದಲ್ಲಿ ಏನನ್ನು ಹೇಗೆ ಹೇಳಬೇಕೆಂದು ಮಂತ್ರಿಗಳಾಗಲಿ ಕುಲಪತಿಗಳಾಗಲಿ ಆಜ್ಞಾಪಿಸುವುದು ಸಂವಿಧಾನದ ಪ್ರಶ್ನೆಯಾಗಿಬಿಡುತ್ತದೆ. ಶಿಕ್ಷಣವು ಒಕ್ಕೂಟ ಸರ್ಕಾರದ ವಿಷಯವಲ್ಲ, ಹದಿನಾರು ರಾಜ್ಯಗಳ ವಿಷಯ ಎಂಬುದೂ ಇದಕ್ಕೆ ಸೇರುತ್ತದೆ. ರಾಜ್ಯ ಹಣ ಕೊಡುತ್ತದೆ, ಕಾಯಿದೆ ಮಾಡುತ್ತದೆ, ಬಹುಪಾಲು ಪ್ರಾಧ್ಯಾಪಕರನ್ನು ಕಾಯಂ ಸರ್ಕಾರಿ ಅಧಿಕಾರಿಗಳನ್ನಾಗಿ ನೇಮಿಸುತ್ತದೆ, ಆದರೆ ಪಾಠದ ಕೊಠಡಿಯ ಬಾಗಿಲಲ್ಲಿ ನಿಲ್ಲುತ್ತದೆ.

ಇನ್ನು ಪಾಠದ ವಿಷಯ. 1999ರ ಬೊಲೊನ್ಯಾ ಒಪ್ಪಂದದ ನಂತರ ಯುರೋಪಿನ ಬಹುತೇಕ ದೇಶಗಳಂತೆ ಜರ್ಮನಿಯೂ ತನ್ನ ಹಳೆಯ ಡಿಪ್ಲೋಮ್, ಮಾಗಿಸ್ಟರ್ ಪದವಿಗಳನ್ನು ಬಿಟ್ಟು ಬ್ಯಾಚುಲರ್ ಮತ್ತು ಮಾಸ್ಟರ್ ಎಂಬ ಎರಡು ಹಂತಗಳಿಗೆ ಬಂತು. ಕಾನೂನು, ವೈದ್ಯಕೀಯ, ಔಷಧಶಾಸ್ತ್ರಗಳಂಥ ಕೆಲವು ವಿಷಯಗಳು ಮಾತ್ರ ಹೊರಗುಳಿದವು. ಅಲ್ಲಿ ಕೊನೆಯ ಪರೀಕ್ಷೆಯನ್ನು ಈಗಲೂ ಸರ್ಕಾರವೇ ನಡೆಸುತ್ತದೆ, ಅಂದರೆ ನಮ್ಮ ಏರ್ಪಾಡನ್ನು ಹೋಲುವ ಒಂದು ಮೂಲೆ ಅಲ್ಲಿಯೂ ಇದೆ. ಉಳಿದ ವಿಷಯಗಳಲ್ಲಿ ಓದನ್ನು ಮಾಡ್ಯೂಲ್‌ಗಳಾಗಿ ವಿಂಗಡಿಸಿ, ಪ್ರತಿ ಮಾಡ್ಯೂಲ್‌ಗೆ ಇಷ್ಟು ಕ್ರೆಡಿಟ್ ಎಂದು ಗೊತ್ತುಮಾಡಿದ್ದಾರೆ. ಒಂದು ಸೆಮಿಸ್ಟರಿಗೆ 30, ಮೂರು ವರ್ಷದ ಬ್ಯಾಚುಲರ್ ಪದವಿಗೆ 180, ಎರಡು ವರ್ಷದ ಮಾಸ್ಟರ್‌ಗೆ ಸಾಮಾನ್ಯವಾಗಿ 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ, ಮತ್ತು ನಮ್ಮವರು ಗಮನಿಸದೆ ಬಿಡುವುದು ಇದನ್ನೇ: ಈ ಗಂಟೆಗಳಲ್ಲಿ ತರಗತಿಯೊಳಗೆ ಕಳೆಯುವುದು ಸಣ್ಣ ಪಾಲು ಮಾತ್ರ. ವಾರಕ್ಕೆ ಹದಿನೈದಿಪ್ಪತ್ತು ಗಂಟೆಗಳ ತರಗತಿಯಿರುವ ವೇಳಾಪಟ್ಟಿಯನ್ನು ನೋಡಿ ಬಿಡುವು ಬಹಳವಿದೆ ಎಂದು ತಿಳಿದವರು ಮೊದಲ ಸೆಮಿಸ್ಟರಿನ ಕೊನೆಯಲ್ಲಿ ಕಷ್ಟಕ್ಕೆ ಸಿಲುಕುತ್ತಾರೆ.

ತರಗತಿಗಳಲ್ಲಿ ಬಗೆಗಳಿವೆ. ದೊಡ್ಡ ಸಭಾಂಗಣದಲ್ಲಿ ಪ್ರಾಧ್ಯಾಪಕರು ಮಾತಾಡುವ ಉಪನ್ಯಾಸಕ್ಕೆ ಸಾಮಾನ್ಯವಾಗಿ ಹಾಜರಿ ತೆಗೆದುಕೊಳ್ಳುವುದಿಲ್ಲ. ಬಂದವರು ಬರುತ್ತಾರೆ, ಬಾರದವರು ಗ್ರಂಥಾಲಯದಲ್ಲಿ ಓದಿಕೊಳ್ಳುತ್ತಾರೆ. ಒಂಬತ್ತು ಗಂಟೆಯ ಉಪನ್ಯಾಸ ಒಂಬತ್ತೂಕಾಲಿಗೆ ಆರಂಭವಾಗುವುದು ಅಲ್ಲಿನ ಹಳೆಯ ರೂಢಿ, ವೇಳಾಪಟ್ಟಿಯಲ್ಲಿ ಅದಕ್ಕೊಂದು ಲ್ಯಾಟಿನ್ ಸಂಕ್ಷೇಪವೇ ಇದೆ. ಕೊನೆಯಲ್ಲಿ ವಿದ್ಯಾರ್ಥಿಗಳು ಚಪ್ಪಾಳೆಯ ಬದಲು ಮೇಜನ್ನು ಬೆರಳಗೆಣ್ಣಿನಿಂದ ಕುಟ್ಟುತ್ತಾರೆ. ಉಪನ್ಯಾಸದ ಬೆನ್ನಿಗೆ ಲೆಕ್ಕ ಬಿಡಿಸುವ ಅಭ್ಯಾಸ ತರಗತಿಗಳೂ ಹಿರಿಯ ವಿದ್ಯಾರ್ಥಿಗಳು ನಡೆಸುವ ಟ್ಯುಟೋರಿಯಲ್‌ಗಳೂ ಇರುತ್ತವೆ. ವಿಜ್ಞಾನ ವಿಷಯಗಳಲ್ಲಿ ವಾರವಾರವೂ ಕೊಡುವ ಲೆಕ್ಕಗಳಲ್ಲಿ ಅರ್ಧದಷ್ಟನ್ನಾದರೂ ಸರಿಯಾಗಿ ಬಿಡಿಸಿದ್ದರಷ್ಟೇ ಪರೀಕ್ಷೆಗೆ ಕೂರಲು ಅವಕಾಶ ಎಂಬ ನಿಯಮ ಸಾಮಾನ್ಯ.

ಆದರೆ ಈ ಏರ್ಪಾಡಿನ ಜೀವ ಇರುವುದು ಸೆಮಿನಾರಿನಲ್ಲಿ. ಹದಿನೈದಿಪ್ಪತ್ತು ಜನ ಒಂದು ಮೇಜಿನ ಸುತ್ತ ಕುಳಿತು, ಆ ವಾರಕ್ಕೆಂದು ಓದಿಕೊಂಡು ಬಂದ ಬರಹವನ್ನು ಸಾಲುಸಾಲಾಗಿ ಬಿಡಿಸಿ ನೋಡುತ್ತಾರೆ. ಒಬ್ಬ ವಿದ್ಯಾರ್ಥಿ ವಿಷಯ ಮಂಡಿಸುತ್ತಾನೆ, ಉಳಿದವರು ಆಕ್ಷೇಪಿಸುತ್ತಾರೆ, ಪ್ರಾಧ್ಯಾಪಕರು ಹೇಳಿದ್ದನ್ನೂ ಆಕ್ಷೇಪಿಸಬಹುದು, ಅದಕ್ಕೆ ಅವರು ಕೋಪಿಸಿಕೊಳ್ಳಬಾರದು ಎಂಬುದು ಎಲ್ಲರೂ ಒಪ್ಪಿದ ನಡವಳಿಕೆ. ಸೆಮಿನಾರಿನ ವಿಷಯವನ್ನು ಪ್ರಾಧ್ಯಾಪಕರು ತಾವು ಆಗ ಮಾಡುತ್ತಿರುವ ಸಂಶೋಧನೆಯಿಂದಲೇ ಆರಿಸುವುದರಿಂದ ಅದೇ ಶೀರ್ಷಿಕೆಯ ಸೆಮಿನಾರ್ ಮುಂದಿನ ವರ್ಷ ಇರಲಾರದು. ಆದ್ದರಿಂದಲೇ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಅಲ್ಲಿ ಬೆಲೆ ಕಡಿಮೆ. ಮಾನವಿಕ ವಿಷಯಗಳಲ್ಲಿ ಸೆಮಿನಾರ್ ಮುಗಿದ ಮೇಲೆ ವಿದ್ಯಾರ್ಥಿ ತನ್ನದೇ ಪ್ರಶ್ನೆಯೊಂದನ್ನು ಹುಡುಕಿಕೊಂಡು ಹದಿನೈದಿಪ್ಪತ್ತು ಪುಟಗಳ ಪ್ರಬಂಧ ಬರೆದು ಒಪ್ಪಿಸಬೇಕು. ಇದನ್ನು ಬರೆಯುವುದಕ್ಕೆಂದೇ ಫೆಬ್ರುವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ, ಆಮೇಲೆ ಆಗಸ್ಟಿನಿಂದ ಅಕ್ಟೋಬರ್ ಮಧ್ಯದವರೆಗೆ ಉಪನ್ಯಾಸಗಳಿಲ್ಲದ ಕಾಲವಿದೆ. ನಾವು ರಜೆ ಎಂದುಕೊಳ್ಳುವ ಆ ತಿಂಗಳುಗಳಲ್ಲೇ ಗ್ರಂಥಾಲಯದಲ್ಲಿ ಕುರ್ಚಿ ಸಿಗುವುದು ಕಷ್ಟ.

ಅಂಕಗಳು 1.0ರಿಂದ 5.0ರವರೆಗೆ, ಕಡಿಮೆಯಾದಷ್ಟೂ ಉತ್ತಮ, 4.0 ತೇರ್ಗಡೆಯ ಅಂಚು. ಪರೀಕ್ಷೆಗೆ ವಿದ್ಯಾರ್ಥಿಯೇ ಅವಧಿಯೊಳಗೆ ಹೆಸರು ನೋಂದಾಯಿಸಬೇಕು, ಬಾರದಿರುವುದಾದರೆ ಅವಧಿಯೊಳಗೇ ಹಿಂತೆಗೆದುಕೊಳ್ಳಬೇಕು. ಹಾಗೆ ಮಾಡದೆ ಗೈರಾದರೆ ಅನುತ್ತೀರ್ಣ. ಒಂದು ಪರೀಕ್ಷೆಯನ್ನು ಎಷ್ಟು ಸಲ ಬರೆಯಬಹುದೆಂಬುದಕ್ಕೂ ಮಿತಿಯಿದೆ, ಸಾಮಾನ್ಯವಾಗಿ ಎರಡು ಅಥವಾ ಮೂರು ಸಲ. ಕಡ್ಡಾಯ ಮಾಡ್ಯೂಲೊಂದರ ಕೊನೆಯ ಅವಕಾಶದಲ್ಲೂ ಸೋತರೆ ಆ ಪದವಿಯಿಂದ ಹೊರಬೀಳಬೇಕಾಗುತ್ತದೆ, ಅದೇ ಪದವಿಯನ್ನು ದೇಶದ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತದೆ. ‘ಬ್ಯಾಕ್‌ಲಾಗ್’ ಎಂದು ಮುಂದಕ್ಕೆ ಒಯ್ಯುತ್ತ ಹೋಗುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಜಾಗವಿಲ್ಲ. ಹಾಜರಿಯ ವಿಷಯದಲ್ಲಿ ಅಷ್ಟು ಉದಾರವಾಗಿರುವ ವ್ಯವಸ್ಥೆ ಈ ವಿಷಯದಲ್ಲಿ ಇಷ್ಟು ನಿಷ್ಠುರವಾಗಿರುವುದು ನನ್ನ ದೃಷ್ಟಿಯಲ್ಲಿ ವಿರೋಧಾಭಾಸವಲ್ಲ: ಯಾವಾಗ ಹೇಗೆ ಓದಬೇಕೆಂಬುದನ್ನು ನಿನಗೇ ಬಿಟ್ಟಿದ್ದೇವೆ ಎನ್ನುವವರು ಅದರ ಹೊಣೆಯನ್ನೂ ವಿದ್ಯಾರ್ಥಿಗೇ ಬಿಡುತ್ತಾರೆ.

ಸಂಶೋಧನೆಯ ಘಟಕವೆಂದರೆ ಪೀಠ. ಒಬ್ಬ ಪೂರ್ಣ ಪ್ರಾಧ್ಯಾಪಕರಿಗೆ ಒಂದು ಪೀಠ. ಅದರೊಂದಿಗೆ ಒಬ್ಬ ಕಾರ್ಯದರ್ಶಿ, ಕೆಲವು ಸಹಾಯಕ ಸಂಶೋಧಕರು, ವಿಜ್ಞಾನವಾದರೆ ಪ್ರಯೋಗಾಲಯ, ಉಪಕರಣ, ತಂತ್ರಜ್ಞರು. ಟ್ಯೂಬಿಂಗನ್ ಈ ದಿಕ್ಕಿನಲ್ಲಿ ಮೊದಲ ಹೆಜ್ಜೆಯಿಟ್ಟ ಊರುಗಳಲ್ಲೊಂದು. ಜರ್ಮನಿಯಲ್ಲಿ ಮೊತ್ತಮೊದಲು ವಿಜ್ಞಾನಕ್ಕೆಂದೇ ಪ್ರತ್ಯೇಕ ಫ್ಯಾಕಲ್ಟಿ ಹುಟ್ಟಿದ್ದು ಇಲ್ಲಿ, 1863ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ, ಕೋಟೆಯ ಹಳೆಯ ಅಡುಗೆಮನೆಯಲ್ಲಿ ನೆಲೆಸಿದ್ದ ಫೆಲಿಕ್ಸ್ ಹೊಪ್ಪೆ-ಸೈಲರ್ ಅವರ ಪ್ರಯೋಗಾಲಯಕ್ಕೆ ಸ್ವಿಟ್ಜರ್ಲೆಂಡಿನಿಂದ ಫ್ರೀಡ್ರಿಷ್ ಮೀಷರ್ ಎಂಬ ಯುವಕ ಬಂದರು. ಹೊಪ್ಪೆ-ಸೈಲರ್ ರಕ್ತದ ಕೆಂಪು ದ್ರವ್ಯಕ್ಕೆ ಹಿಮೋಗ್ಲೋಬಿನ್ ಎಂಬ ಹೆಸರಿಟ್ಟವರು. ಮೀಷರ್ ಆಸ್ಪತ್ರೆಯಿಂದ ಬರುತ್ತಿದ್ದ ಕೀವುಗೂಡಿದ ಬ್ಯಾಂಡೇಜುಗಳನ್ನು ತೊಳೆದು ಬಿಳಿರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೋಶಕೇಂದ್ರದಲ್ಲಿ ಪ್ರೋಟೀನ್ ಅಲ್ಲದ, ರಂಜಕ ಹೇರಳವಾಗಿರುವ ಒಂದು ವಸ್ತುವನ್ನು 1869ರಲ್ಲಿ ಕಂಡು ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟರು. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಫಲಿತಾಂಶ ಅಚ್ಚಾದದ್ದು 1871ರಲ್ಲಿ. ಹೊಪ್ಪೆ-ಸೈಲರ್ ಆ ಪ್ರಯೋಗಗಳನ್ನು ತಾವೇ ಮತ್ತೆ ಮಾಡಿ ಖಚಿತಪಡಿಸಿಕೊಳ್ಳುವವರೆಗೆ ಪ್ರಕಟಣೆಯನ್ನು ತಡೆಹಿಡಿದಿದ್ದರು. ಪೀಠದ ಒಡೆಯರಿಗೆ ಇರುವ ಅಧಿಕಾರ ಎಂಥದು, ಅದನ್ನು ಎಚ್ಚರದಿಂದ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತೋಚದು.

ಇಂದು ಪೀಠಕ್ಕೆ ರಾಜ್ಯ ಕೊಡುವ ಹಣ ಸಾಲುವುದಿಲ್ಲ. ಹೆಚ್ಚಿನ ಸಂಶೋಧನೆ ಹೊರಗಿನ ಅನುದಾನದಿಂದ ನಡೆಯುತ್ತದೆ, ಅದರಲ್ಲಿ ಮುಖ್ಯವಾದದ್ದು ಬಾನ್ ನಗರದಲ್ಲಿರುವ ಜರ್ಮನ್ ಸಂಶೋಧನಾ ಪ್ರತಿಷ್ಠಾನ. ಅದು ಹಣವನ್ನು ಸರ್ಕಾರದಿಂದ ಪಡೆದರೂ ಯಾವ ಯೋಜನೆಗೆ ಕೊಡಬೇಕೆಂಬುದನ್ನು ವಿದ್ವಾಂಸರೇ ಪರಸ್ಪರ ಪರಿಶೀಲಿಸಿ ನಿರ್ಧರಿಸುತ್ತಾರೆ. ಇದಲ್ಲದೆ 2000ದ ದಶಕದ ಮಧ್ಯದಿಂದ ‘ಎಕ್ಸಲೆನ್ಸ್’ ಹೆಸರಿನ ಸ್ಪರ್ಧೆಯೊಂದು ನಡೆಯುತ್ತಿದೆ. ಎಲ್ಲ ವಿಶ್ವವಿದ್ಯಾಲಯಗಳೂ ಸಮಾನ ಎಂಬ ಹಳೆಯ ನಂಬಿಕೆಯನ್ನು ಬಿಟ್ಟು, ಆಯ್ದ ಕೆಲವಕ್ಕೆ ಹೆಚ್ಚಿನ ಹಣ ಕೊಡುವ ಈ ಯೋಜನೆಯಲ್ಲಿ ಟ್ಯೂಬಿಂಗನ್ 2012ರಿಂದ ಉನ್ನತ ದರ್ಜೆಯ ಪಟ್ಟಿಯಲ್ಲಿದೆ. ಯಂತ್ರಕಲಿಕೆಯನ್ನು ವಿಜ್ಞಾನದ ಇತರ ಶಾಖೆಗಳಿಗೆ ಅನ್ವಯಿಸುವುದು, ಸೋಂಕು ಹರಡುವ ಸೂಕ್ಷ್ಮಜೀವಿಗಳನ್ನು ಹತೋಟಿಯಲ್ಲಿಡುವುದು, ಗಡ್ಡೆಗಳ ಚಿಕಿತ್ಸೆಯನ್ನು ದೇಹದ ಒಳಚಿತ್ರಗಳ ನೆರವಿನಿಂದ ರೂಪಿಸುವುದು, ಇವು ಇಂಥ ಅನುದಾನ ಪಡೆದ ಇಲ್ಲಿನ ಕ್ಷೇತ್ರಗಳು. ಊರಿನಲ್ಲಿ ಸಂಶೋಧನೆಗೆಂದೇ ಇರುವ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಸಂಸ್ಥೆಗಳೂ ಇವೆ. ಹಣ್ಣುನೊಣದ ಭ್ರೂಣ ಬೆಳೆಯುವ ಬಗೆಯನ್ನು ಬಿಡಿಸಿ 1995ರಲ್ಲಿ ನೊಬೆಲ್ ಪಡೆದ ಕ್ರಿಸ್ಟಿಯಾನೆ ನ್ಯುಸ್ಲೈನ್-ಫೋಲ್‌ಹಾರ್ಡ್ ಅಂಥ ಒಂದು ಸಂಸ್ಥೆಯ ನಿರ್ದೇಶಕಿಯಾಗಿದ್ದರು. ಈ ಸಂಸ್ಥೆಗಳು ಡಾಕ್ಟರೇಟ್ ಪದವಿಯನ್ನು ತಾವಾಗಿ ಕೊಡುವಂತಿಲ್ಲ, ಅದಕ್ಕೆ ವಿಶ್ವವಿದ್ಯಾಲಯವೇ ಬೇಕು. ಹಾಗಾಗಿ ಎರಡರ ನಡುವೆ ವಿದ್ಯಾರ್ಥಿಗಳೂ ವಿಚಾರಗಳೂ ಓಡಾಡುತ್ತಲೇ ಇರುತ್ತವೆ. ಎಂಆರ್‌ಎನ್‌ಎ ಔಷಧಗಳ ಮೇಲೆ ಕೆಲಸ ಮಾಡಿದ ಮೊದಲ ಕಂಪನಿಗಳಲ್ಲೊಂದಾದ ಕ್ಯೂರ್‌ವ್ಯಾಕ್ 2000ದಲ್ಲಿ ಹುಟ್ಟಿದ್ದು ಇಲ್ಲಿನ ಒಂದು ಡಾಕ್ಟರೇಟ್ ಸಂಶೋಧನೆಯ ಮುಂದುವರಿಕೆಯಾಗಿ. ಕೋವಿಡ್ ಲಸಿಕೆಯ ಓಟದಲ್ಲಿ ಅದು ಹಿಂದುಳಿದದ್ದು ಬೇರೆ ಮಾತು.

ಈ ಏರ್ಪಾಡಿನ ಬೆಲೆ ತೆರುವವರು ಪೀಠಕ್ಕೂ ವಿದ್ಯಾರ್ಥಿಗಳಿಗೂ ನಡುವೆ ಇರುವವರು. ಡಾಕ್ಟರೇಟ್ ಮಾಡುವವರಲ್ಲಿ ಅನೇಕರು ವಿಶ್ವವಿದ್ಯಾಲಯದ ಉದ್ಯೋಗಿಗಳೇ. ಅರ್ಧ ಅಥವಾ ಮೂರನೇ ಎರಡರಷ್ಟು ಹುದ್ದೆಯ ಸಂಬಳ ಪಡೆದು, ಪೂರ್ಣ ಹೊತ್ತು ದುಡಿಯುತ್ತಾರೆ. ಅವರ ಮಾರ್ಗದರ್ಶಕರೇ ಅವರ ಮೇಲಧಿಕಾರಿ, ಅವರೇ ಪ್ರಬಂಧದ ಪರೀಕ್ಷಕರು. 2007ರ ಕಾಯಿದೆಯೊಂದರ ಪ್ರಕಾರ ಡಾಕ್ಟರೇಟ್‌ಗೆ ಮುಂಚೆ ಆರು ವರ್ಷ, ನಂತರ ಆರು ವರ್ಷ (ವೈದ್ಯಕೀಯದಲ್ಲಿ ಒಂಬತ್ತು) ತಾತ್ಕಾಲಿಕ ಒಪ್ಪಂದಗಳ ಮೇಲೆ ದುಡಿಸಿಕೊಳ್ಳಬಹುದು. ಅಷ್ಟರೊಳಗೆ ಪ್ರಾಧ್ಯಾಪಕ ಹುದ್ದೆ ಸಿಗದಿದ್ದರೆ, ಹೊರಗಿನ ಅನುದಾನದ ಮೇಲೆ ಮುಂದುವರಿಯುವುದನ್ನು ಬಿಟ್ಟರೆ ದಾರಿ ಕಡಿಮೆ. ಸಹಾಯಕ, ಸಹ, ಪೂರ್ಣ ಎಂದು ಒಂದೇ ಕಡೆ ಮೆಟ್ಟಿಲು ಹತ್ತುವ ಕ್ರಮ ಅಲ್ಲಿ ಈಗಲೂ ವಿರಳ. ತಾನು ಬೆಳೆದ ವಿಶ್ವವಿದ್ಯಾಲಯದಲ್ಲೇ ಪೀಠ ಪಡೆಯುವುದನ್ನು ಸಂಪ್ರದಾಯವೂ ಬಹಳ ಕಡೆ ಕಾನೂನೂ ತಡೆಯುತ್ತವೆ. ಸ್ವಜನಪಕ್ಷಪಾತವನ್ನು ತಪ್ಪಿಸುವ ಒಳ್ಳೆಯ ಉದ್ದೇಶದ ಈ ನಿಯಮವೇ ನಲವತ್ತು ವಯಸ್ಸಿನ ವಿದ್ವಾಂಸರು ಸಂಸಾರ ಕಟ್ಟಿಕೊಂಡು ಊರೂರು ಅಲೆಯುವಂತೆ ಮಾಡಿದೆ. 2021ರಲ್ಲಿ ಒಕ್ಕೂಟದ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯದ ಹಳೆಯ ವಿಡಿಯೊವೊಂದು ಬೆಳಕಿಗೆ ಬಂತು. ಹಾನ್ನಾ ಎಂಬ ಕಾಲ್ಪನಿಕ ಸಂಶೋಧಕಿಯ ಚಿತ್ರ ತೋರಿಸಿ, ಒಂದೇ ತಲೆಮಾರಿನವರು ಎಲ್ಲ ಹುದ್ದೆಗಳಲ್ಲಿ ಕುಳಿತು ವ್ಯವಸ್ಥೆ ಕಟ್ಟಿಕೊಳ್ಳಬಾರದೆಂದೇ ತಾತ್ಕಾಲಿಕ ಒಪ್ಪಂದಗಳು ಎಂದು ಅದು ವಿವರಿಸಿತ್ತು. ‘ನಾನೇ ಹಾನ್ನಾ’ ಎಂದು ಸಾವಿರಾರು ಸಂಶೋಧಕರು ತಮ್ಮ ಕತೆಗಳನ್ನು ಹೇಳಿಕೊಳ್ಳಲು ಆರಂಭಿಸಿದ ಮೇಲೆ ಸಚಿವಾಲಯ ಆ ವಿಡಿಯೊವನ್ನು ತೆಗೆಯಿತು. ಕಾಯಿದೆಯ ತಿದ್ದುಪಡಿಯ ಚರ್ಚೆ ಅಂದಿನಿಂದ ಎಳೆದಾಡುತ್ತಲೇ ಇದೆ. ಸಂವಿಧಾನ ಕೊಟ್ಟ ಸ್ವಾತಂತ್ರ್ಯ ಪೀಠದಲ್ಲಿ ಕುಳಿತವರಿಗೆ ಪೂರ್ತಿಯಾಗಿಯೂ ಪೀಠದ ನೆರಳಿನಲ್ಲಿ ನಿಂತವರಿಗೆ ಅರೆಬರೆಯಾಗಿಯೂ ದಕ್ಕುತ್ತದೆ ಎಂಬುದು ಒಪ್ಪಲೇಬೇಕಾದ ಸಂಗತಿ.

ಕನ್ನಡದ ನಂಟು ಇಲ್ಲಿಯೇ ಪ್ರಸ್ತುತವಾಗುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರ ಓದಿದವರು. ಹಳಗನ್ನಡ ನಡುಗನ್ನಡ ಕೃತಿಗಳನ್ನು ಅಚ್ಚು ಹಾಕಿಸಿದ ಅವರ ಕೆಲಸಕ್ಕೆ 1858ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನಾಂಡ್ ಕಿಟೆಲ್ ಅಲ್ಲಿನ ವಿದ್ಯಾರ್ಥಿಯಾಗಿರಲಿಲ್ಲ. ಆದರೂ 1894ರಲ್ಲಿ ಅವರ ಕನ್ನಡ ನಿಘಂಟು ಹೊರಬಂದ ಮೇಲೆ, 1896ರಲ್ಲಿ, ಅವರಿಗೂ ಅಲ್ಲಿಂದ ಗೌರವ ಡಾಕ್ಟರೇಟ್ ಸಂದಿತು. ಕೊನೆಯ ವರ್ಷಗಳನ್ನು ಆ ಊರಿನಲ್ಲೇ ಕಳೆದು 1903ರಲ್ಲಿ ಅಲ್ಲಿಯೇ ತೀರಿಕೊಂಡರು. ದೂರದ ನಾಡಿನ ಭಾಷೆಯೊಂದರ ಕೆಲಸವನ್ನು ಅಳೆಯಬಲ್ಲ ಜನ ಅಂದು ಆ ಊರಿನಲ್ಲಿದ್ದರು ಎಂಬುದನ್ನು ಗಮನಿಸಬೇಕು: ಸೇಂಟ್ ಪೀಟರ್ಸ್‌ಬರ್ಗ್ ಸಂಸ್ಕೃತ ಮಹಾನಿಘಂಟಿನ ಇಬ್ಬರು ಸಂಪಾದಕರಲ್ಲಿ ಒಬ್ಬರಾದ ರುಡಾಲ್ಫ್ ರೋಟ್ ಅಲ್ಲಿ ಪ್ರಾಧ್ಯಾಪಕರೂ ಗ್ರಂಥಪಾಲಕರೂ ಆಗಿದ್ದರು. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಕಾಗದಪತ್ರಗಳು ಇಂದು ಟ್ಯೂಬಿಂಗನ್ ಗ್ರಂಥಾಲಯದಲ್ಲಿವೆ, ಅಂತರ್ಜಾಲದಲ್ಲಿ ಮುಕ್ತವಾಗಿ ಓದಲು ಸಿಗುತ್ತವೆ. ಅವರ ಹೆಸರಿನಲ್ಲಿ ಕೇರಳದ ಮಲಯಾಳಂ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ 2015ರಲ್ಲಿ ಒಂದು ಮಲಯಾಳ ಪೀಠವೂ ಆರಂಭವಾಯಿತು.

ಕನ್ನಡಕ್ಕೆ ಜರ್ಮನಿಯಲ್ಲಿ ಆಶ್ರಯ ದೊರೆತದ್ದು ಬೇರೆ ಊರುಗಳಲ್ಲಿ. ವ್ಯುರ್ತ್ಸ್‌ಬುರ್ಗ್‌ನಲ್ಲಿ ತುಳು ಪಾಡ್ದನಗಳ ಮೇಲೆ ಕೆಲಸ ಮಾಡಿದ ಹೈಡ್ರೂನ್ ಬ್ರುಕ್ನರ್ ಭಾರತಶಾಸ್ತ್ರದ ಪೀಠದಲ್ಲಿದ್ದಾಗ ಬಿ.ಎ. ವಿವೇಕ ರೈ ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿ ಕನ್ನಡ ಕಲಿಸಿದರು. ಮ್ಯೂನಿಕ್‌ನಲ್ಲಿ ರಾಬರ್ಟ್ ಝೈಡನ್‌ಬಾಸ್ ಬಹುಕಾಲ ಕನ್ನಡವನ್ನು ಕಲಿಸಿದರು. ಇವೆರಡರಲ್ಲೂ ಒಂದೇ ಸತ್ಯ ಕಾಣುತ್ತದೆ: ಪೀಠದಲ್ಲಿರುವವರ ಆಸಕ್ತಿ ಯಾವುದೋ ಅದು ಕಲಿಸಲ್ಪಡುತ್ತದೆ. ಅವರು ನಿವೃತ್ತರಾದಾಗ ಪೀಠವನ್ನು ಮತ್ತೆ ತುಂಬಬೇಕೇ, ತುಂಬಿದರೆ ಯಾವ ಒತ್ತಿನೊಂದಿಗೆ ಎಂಬುದನ್ನು ವಿಶ್ವವಿದ್ಯಾಲಯ ಹೊಸದಾಗಿ ತೀರ್ಮಾನಿಸುತ್ತದೆ. ಗಣಿತಕ್ಕೋ ಕಾನೂನಿಗೋ ಇದರಿಂದ ಅಪಾಯವಿಲ್ಲ, ಅಲ್ಲಿ ಹತ್ತಾರು ಪೀಠಗಳಿವೆ. ಕನ್ನಡದಂಥ ‘ಸಣ್ಣ ವಿಷಯ’ಗಳಿಗೆ ಒಂದು ನಿವೃತ್ತಿಯೇ ಸಾಕು. ಹೊರಗಿನಿಂದ ಒಂದು ಸರ್ಕಾರವೋ ವಿಶ್ವವಿದ್ಯಾಲಯವೋ ಕೈಜೋಡಿಸಿದರೆ ಸ್ಥಿತಿ ಬದಲಾಗಬಹುದು ಎಂಬುದನ್ನು ಮಲಯಾಳದವರು ತೋರಿಸಿದ್ದಾರೆ. 2007ರಿಂದ ಕರ್ನಾಟಕ ಮತ್ತು ಬವೇರಿಯಾ ರಾಜ್ಯಗಳ ನಡುವೆ ಸಹಕಾರದ ಒಪ್ಪಂದವಿರುವಾಗ ನಾವು ಅದನ್ನು ಭಾಷೆಗಾಗಿ ಇನ್ನಷ್ಟು ಬಳಸಿಕೊಳ್ಳಬಹುದಿತ್ತು.

ವಿದ್ಯಾರ್ಥಿ ಜೀವನದ ಬಹುಭಾಗವನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ. ಹಾಸ್ಟೆಲು, ಊಟದ ಮನೆ, ಆಪ್ತಸಲಹೆ ಇವೆಲ್ಲ ‘ಸ್ಟುಡಿಯೆರೆಂಡೆನ್‌ವೆರ್ಕ್’ ಎಂಬ ಪ್ರತ್ಯೇಕ ಸಾರ್ವಜನಿಕ ಸಂಸ್ಥೆಯ ಹೊಣೆ. ಊರು ಚಿಕ್ಕದು, ವಿದ್ಯಾರ್ಥಿಗಳು ಬಹಳ; ಆದ್ದರಿಂದ ಕೋಣೆ ಹುಡುಕುವುದು ಟ್ಯೂಬಿಂಗನ್ನಿನಲ್ಲಿ ಪ್ರವೇಶ ಪಡೆಯುವುದಕ್ಕಿಂತ ಕಷ್ಟ ಎಂಬ ಮಾತಿದೆ. ಹಾಸ್ಟೆಲಿನ ಕಾಯುವ ಪಟ್ಟಿ ಉದ್ದವಿರುತ್ತದೆ. ಉಳಿದವರು ನಾಲ್ಕೈದು ಜನ ಸೇರಿ ಬಾಡಿಗೆ ಮನೆ ಹಿಡಿಯುತ್ತಾರೆ, ಮತ್ತು ಅಂಥ ಮನೆಗಳಲ್ಲಿ ಖಾಲಿಯಾದ ಕೋಣೆಗೆ ಯಾರು ಬರಬೇಕೆಂದು ಇರುವವರೇ ಸಂದರ್ಶನ ನಡೆಸಿ ಆರಿಸುವುದರಿಂದ ಪಾತ್ರೆ ತೊಳೆಯುವ ಸರದಿಯ ಬಗ್ಗೆ ನಿಮ್ಮ ನಿಲುವೇನು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಪ್ರತಿ ವಿಭಾಗದ ವಿದ್ಯಾರ್ಥಿಗಳು ‘ಫಾಖ್‌ಶಾಫ್ಟ್’ ಎಂಬ ಗುಂಪು ಕಟ್ಟಿಕೊಂಡು ಹೊಸಬರಿಗೆ ದಾರಿ ತೋರಿಸುತ್ತಾರೆ, ಪಠ್ಯ ಸಮಿತಿಗಳಲ್ಲಿ ಕೂರುತ್ತಾರೆ, ಗುರುವಾರ ರಾತ್ರಿ ಕ್ಲಬ್‌ಹೌಸಿನಲ್ಲಿ ಸರದಿಯಂತೆ ಸಂತೋಷಕೂಟ ನಡೆಸುತ್ತಾರೆ. ಸಂಜೆಯ ಹೊತ್ತು ಊರಿನ ಜನರೂ ಬಂದು ಕೂರಬಹುದಾದ ಸಾರ್ವಜನಿಕ ಉಪನ್ಯಾಸಮಾಲೆಗಳಿವೆ. ನಿವೃತ್ತ ಮಾಸ್ತರರೂ ಔಷಧದಂಗಡಿಯವರೂ ಟಿಪ್ಪಣಿ ಬರೆದುಕೊಳ್ಳುತ್ತ ಕುಳಿತಿರುವುದು ಅಲ್ಲಿ ಸಾಮಾನ್ಯ ದೃಶ್ಯ.

ಬೇಸಿಗೆಯಲ್ಲಿ ಎಲ್ಲವೂ ನದಿಗಿಳಿಯುತ್ತದೆ. ಉದ್ದ ಕೋಲಿನಿಂದ ನೂಕುವ ಚಪ್ಪಟೆ ದೋಣಿಗಳಲ್ಲಿ ವಿದ್ಯಾರ್ಥಿಗಳು ನೆಕ್ಕಾರ್ ದ್ವೀಪವನ್ನು ಸುತ್ತುತ್ತಾರೆ, ಕೋರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತ ಹಬ್ಬದ ದಿನ ಈ ದೋಣಿಗಳ ಪಂದ್ಯ ನಡೆಯುತ್ತದೆ. ಕೊನೆಯಲ್ಲಿ ಬಂದ ತಂಡದವರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯವನ್ನೂ ಅವರೇ ಏರ್ಪಡಿಸಬೇಕು.

ಕೊನೆಗೆ ಹಣದ ವಿಚಾರ. 2005ರಲ್ಲಿ ಒಕ್ಕೂಟ ಸಂವಿಧಾನ ನ್ಯಾಯಾಲಯ ಅನುಮತಿ ಕೊಟ್ಟ ಮೇಲೆ ಹಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋದವರೆಗೆ ಬೋಧನಾ ಶುಲ್ಕ ವಿಧಿಸಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಗಳಲ್ಲಿ ಅದು ವಿಷಯವಾಯಿತು, 2014ರ ಹೊತ್ತಿಗೆ ಎಲ್ಲ ರಾಜ್ಯಗಳೂ ಕೈಬಿಟ್ಟವು. ಆದರೆ ಬಾಡೆನ್-ವ್ಯುರ್ಟೆಂಬರ್ಗ್ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನು ಮತ್ತೆ ತಂದಿತು. ಆದ್ದರಿಂದ ‘ಜರ್ಮನಿಯಲ್ಲಿ ಓದು ಉಚಿತ’ ಎಂಬ ಮಾತನ್ನು ನಂಬಿ ಟ್ಯೂಬಿಂಗನ್, ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್‌ಗಳಿಗೆ ಹೊರಡುವ ಕನ್ನಡಿಗರು ಈ ಲೆಕ್ಕವನ್ನೂ ಹಾಕಬೇಕು. ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಈ ಶುಲ್ಕವಿಲ್ಲ. 2022ರ ನವೆಂಬರಿನಿಂದ ಭಾರತೀಯ ಅರ್ಜಿದಾರರು ತಮ್ಮ ಅಂಕಪಟ್ಟಿಗಳನ್ನು ದೆಹಲಿಯಲ್ಲಿರುವ ಎಪಿಎಸ್ ಎಂಬ ಜರ್ಮನ್ ದಾಖಲೆ ಪರಿಶೀಲನಾ ಕಚೇರಿಯಲ್ಲಿ ಪರಿಶೀಲಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮುಂಗಡವಾಗಿ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕು; 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಪಿಯುಸಿ ಮುಗಿಸಿದವರಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ, ಇಲ್ಲಿ ಅದೇ ವಿಷಯದಲ್ಲಿ ಒಂದು ವರ್ಷವಾದರೂ ಪದವಿ ಓದಿರಬೇಕು ಅಥವಾ ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾಗಿರಬೇಕು. ಬ್ಯಾಚುಲರ್ ಪದವಿಗಳಲ್ಲಿ ಬಹುತೇಕ ಜರ್ಮನ್ ಮಾಧ್ಯಮದವು, ಮಾಸ್ಟರ್ ಹಂತದಲ್ಲಿ ಯಂತ್ರಕಲಿಕೆಯಂಥ ಕೆಲವು ಇಂಗ್ಲಿಷಿನಲ್ಲಿವೆ.

ಅರ್ಜಿ ಹಾಕುವವರು ನೋಡುವುದು ಸಾಮಾನ್ಯವಾಗಿ ರ‍್ಯಾಂಕಿಂಗ್ ಪಟ್ಟಿಗಳನ್ನು. ಮೇಲೆ ಹೇಳಿದ ಏರ್ಪಾಡಿನಲ್ಲಿ ಅವು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆಯಾ ಪದವಿಯ ಮಾಡ್ಯೂಲ್ ಕೈಪಿಡಿ ಮತ್ತು ಪರೀಕ್ಷಾ ನಿಯಮಾವಳಿ ಎಂಬ ಎರಡು ದಾಖಲೆಗಳನ್ನು ಪ್ರತಿ ವಿಶ್ವವಿದ್ಯಾಲಯವೂ ತನ್ನ ಜಾಲತಾಣದಲ್ಲಿ ಇಟ್ಟಿರುತ್ತದೆ. ಮೊದಲನೆಯದರಲ್ಲಿ ಪ್ರತಿ ಮಾಡ್ಯೂಲಿನ ಹೊಣೆ ಯಾವ ಪ್ರಾಧ್ಯಾಪಕರದು ಎಂಬ ಹೆಸರಿರುತ್ತದೆ, ಎರಡನೆಯದರಲ್ಲಿ ಎಷ್ಟು ಸಲ ಪರೀಕ್ಷೆ ಬರೆಯಬಹುದೆಂಬ ಸಂಖ್ಯೆಯಿರುತ್ತದೆ. ಆ ಹೆಸರುಗಳನ್ನು ಹಿಡಿದು ಅವರು ಕಳೆದ ಮೂರು ವರ್ಷಗಳಲ್ಲಿ ಏನನ್ನು ಪ್ರಕಟಿಸಿದ್ದಾರೆ, ನಿವೃತ್ತಿಗೆ ಎಷ್ಟು ಹತ್ತಿರದಲ್ಲಿದ್ದಾರೆ ಎಂದು ನೋಡಿಕೊಂಡರೆ ಮುಂದಿನ ಎರಡು ವರ್ಷ ತರಗತಿಯಲ್ಲಿ ಏನು ನಡೆಯಲಿದೆ ಎಂಬುದರ ಅಂದಾಜು ಮನೆಯಲ್ಲಿ ಕುಳಿತೇ ಸಿಗುತ್ತದೆ.